ಸೊರಟೂರ ಹಳ್ಳದ ಚಿನ್ನ

ಹಳ್ಳದ ನೀರು ಇಳಿದ ಮೇಲೆ, ಮರಳು ತೊಳೆದು ಚಿನ್ನ ತೆಗೆಯುವ ಜಾಲಗಾರರಿಗೆ ಕೆಲಸ. ಗದಗ ಸೀಮೆಯ ಕಪ್ಪತಗುಡ್ಡದಿಂದ ಹರಿದ ಮಳೆನೀರು ತಿರುವುಗಳಲ್ಲಿ, ಬಂಡೆಯ ಬುಡದಲ್ಲಿ ಬಿಟ್ಟುಹೋದ ಮರಳನ್ನು ಬಾಚಿ, ಕಟ್ಟಿಗೆಯ ಮರಿಗೆಯಲ್ಲಿ ಹಾಕಿ ನೀರಾಡಿಸುತ್ತಿದ್ದರು. ಹಗುರ ಮರಳು ಅಂಚು ದಾಟಿ ಹೋಗುತ್ತದೆ. ತಳದಲ್ಲಿ ಕಬ್ಬಿಣದ ಕಪ್ಪು ಮರಳು ಉಳಿಯುತ್ತದೆ. ಅದೃಷ್ಟವಿದ್ದರೆ ಅದರೊಳಗೆ ನಾಲ್ಕಾರು ಹಳದಿ ಕಣ.

ಈ ಕಣಗಳ ಬೆನ್ನು ಹತ್ತಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬ. ಪಲ್ಲಾವರಂನಲ್ಲಿ 1863ರಲ್ಲಿ ಶಿಲಾಯುಗದ ಕೊಡಲಿ ಕಂಡು ಹೆಸರಾದ ಭೂವಿಜ್ಞಾನಿ. ಕಪ್ಪತಗುಡ್ಡವೂ ಸೇರಿದ ಡಂಬಳ ಗುಡ್ಡಗಳ ಚಿನ್ನದ ಬಗ್ಗೆ ಆತನ ವರದಿ 1874ರಲ್ಲಿ ಅಚ್ಚಾಯಿತು. ಎಲ್ಲ ಹಳ್ಳದಲ್ಲೂ ಚಿನ್ನ ಒಂದೇ ಸಮ ಸಿಗುವುದಿಲ್ಲ, ಸೊರಟೂರ ಹಳ್ಳದ್ದೇ ಮೇಲುಗೈ ಎಂಬುದನ್ನು ಫೂಟ್ ಹಿಡಿದುಕೊಂಡ. ಹಾಗಾದರೆ ಆ ಹಳ್ಳ ಯಾವ ಕಲ್ಲನ್ನು ಕೊರೆದು ಬರುತ್ತದೆ? ಗುಡ್ಡದ ಶಿಲೆಗಳನ್ನು ಡೋಣಿ, ಕಪ್ಪತಗುಡ್ಡ, ಸೊರಟೂರು ಎಂದು ವಿಂಗಡಿಸಿ, ಚಿನ್ನದ ಮೂಲವನ್ನು ಕೊನೆಯದರ ಹಸಿರು ಕಲ್ಲುಗಳಲ್ಲಿ ಹುಡುಕಿದ. ಜಾಲಗಾರರ ಅನುಭವವೇ ಇಲ್ಲಿ ನಕ್ಷೆಯಾಯಿತು ಎನ್ನಬೇಕು. ಇಂಥ ಶಿಲೆಗಳಿಗೆ ಮುಂದೆ 'ಧಾರವಾಡ' ಎಂಬ ಹೆಸರು ಕೊಟ್ಟವನೂ ಫೂಟ್.

ಅಷ್ಟರಲ್ಲಿ ಕೋಲಾರ ಹೊಳೆಯತೊಡಗಿತ್ತು. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಹೊರಗಿನ ಬಂಡವಾಳ ಗದಗಿಗೂ ಬಂತು. ಕಬಲಾಯತಕಟ್ಟಿಯಲ್ಲಿ ಗಣಿಬಾವಿ ತೋಡಿದರು. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನದ್ದಾದ್ದರಿಂದ ಒಂದು ಗಣಿಗೆ ಸಾಂಗಲಿಯ ಹೆಸರೇ ನಿಂತಿತು. ಇನ್ನೊಂದು ಚಿನ್ನದ ಪಟ್ಟೆಯ ಹೆಸರು 'ಹೊಸೂರು ಚಾಂಪಿಯನ್'! ಕೋಲಾರದ ಚಾಂಪಿಯನ್ ಪಟ್ಟೆಯ ಹೆಸರನ್ನು ತಂದಿಟ್ಟರೆ ಅದೃಷ್ಟವೂ ಬರುತ್ತದೆಂದು ನಂಬಿದ್ದರೋ ಏನೋ.

ಬರಲಿಲ್ಲ. ಕೋಲಾರದ ಗಣಿ ಕೊನೆಗೆ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಇಲ್ಲಿಯವು ಮೊದಲ ಮಹಾಯುದ್ಧದ ಹೊತ್ತಿಗೆ ಬಾಗಿಲು ಹಾಕಿದ್ದವು. ಇಲ್ಲಿನ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನವು ಗಂಧಕ, ಆರ್ಸೆನಿಕ್ ಬೆರೆತ ಖನಿಜಗಳ ಜೊತೆಗಿದೆ. ನೆಲದ ಮೇಲ್ಭಾಗದಲ್ಲಿ ಗಾಳಿ ನೀರು ತಾಗಿ ಆ ಖನಿಜಗಳು ಕೊಳೆತು ತುಕ್ಕಾಗುತ್ತವೆ, ಚಿನ್ನ ಬಿಡುಗಡೆಯಾಗಿ ಹಳ್ಳ ಸೇರುತ್ತದೆ. ಹಾಗಾಗಿ ಹಳ್ಳದಲ್ಲಿ ಕಂಡ ಹೊಳಪು ಆಳದ ಕಲ್ಲಿನ ಸಿರಿತನಕ್ಕೆ ಸಾಕ್ಷಿಯಲ್ಲ.

ಸ್ವಾತಂತ್ರ್ಯಾನಂತರವೂ ಸರ್ವೇಕ್ಷಣೆ ನಡೆಯಿತು, ಖಾಸಗಿ ಕಂಪನಿಗಳೂ ಆಸೆಪಟ್ಟವು. ಆದರೆ ಈ ಸಲ ಗುಡ್ಡದ ಪರವಾಗಿ ಊರುಗಳು ಎದ್ದವು. 2015ರಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಸರ್ಕಾರ ಮರುವರ್ಷ ಅದನ್ನು ಹಿಂತೆಗೆದುಕೊಂಡಿತು. 2017ರ ಫೆಬ್ರುವರಿಯಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ ನಡೆದು, ಏಪ್ರಿಲ್‌ನಲ್ಲಿ ಸಂರಕ್ಷಣೆಯ ಆದೇಶ ಮರಳಿ ಬಂತು. 2019ರಲ್ಲಿ 24 ಸಾವಿರ ಹೆಕ್ಟೇರಿಗೂ ಹೆಚ್ಚಿನ ಗುಡ್ಡ ವನ್ಯಜೀವಿ ಧಾಮವಾಯಿತು. ಅದರೊಳಗೆ ಚಿನ್ನ ಹುಡುಕಲು ಒಂದು ರಂಧ್ರ ಕೊರೆಯಬೇಕೆಂದರೂ ಈಗ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು.