ಹಂದಿಗೋಡು ಕಾಯಿಲೆ: ಒಂದು ಕೀಲುರೋಗದ ಕಾರಣ ಹುಡುಕಿದ ಇತಿಹಾಸ

ಅಸ್ಥಿಸಂಧಿವಾತ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ವಯಸ್ಸಾದವರ ಮೊಣಕಾಲು. ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಉದ್ಯಾನಗಳಲ್ಲಿ ಮುಂಜಾನೆ ಮೆಲ್ಲಗೆ ಹೆಜ್ಜೆ ಹಾಕುವ ಹಿರಿಯರ ಮಾತಿನಲ್ಲಿ ಮಂಡಿನೋವಿನ ಪ್ರಸ್ತಾಪ ಬಾರದ ದಿನ ಕಡಿಮೆ. ಬೆಂಗಳೂರೂ ಸೇರಿದಂತೆ ದೇಶದ ಐದು ಕಡೆ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಪರೀಕ್ಷೆಗೆ ಒಳಗಾದವರ ಪೈಕಿ ಶೇ. 28.7 ಮಂದಿಗೆ ಮೊಣಕಾಲಿನ ಅಸ್ಥಿಸಂಧಿವಾತ ಇರುವುದು ಕಂಡುಬಂದಿತು. 2020ರಲ್ಲಿ ಪ್ರಪಂಚದಲ್ಲಿ ಒಟ್ಟು 59.5 ಕೋಟಿ ಜನರಿಗೆ ಈ ರೋಗ ಇತ್ತೆಂದು ಅಂದಾಜು. ಇಷ್ಟು ಸಾಮಾನ್ಯವಾದ ರೋಗದ ಬಗ್ಗೆ ಹೊಸದಾಗಿ ಏನು ಹೇಳುವುದಿದೆ ಎನಿಸಬಹುದು. ಆದರೆ ಇದೇ ರೋಗ ಹದಿಹರೆಯದ ಹುಡುಗನ ಸೊಂಟದ ಕೀಲಿಗೆ ಬಂದರೆ? ಒಂದೇ ಮನೆಯ ಅಜ್ಜಿ, ಮಗ, ಮೊಮ್ಮಗಳಿಗೆ ಸಾಲಾಗಿ ಬಂದರೆ? ಕರ್ನಾಟಕದ ಮಲೆನಾಡಿನಲ್ಲಿ ಹಾಗೆ ಆಗಿದೆ. ಅದರ ಕಾರಣವನ್ನು ಹುಡುಕಿದ ಇತಿಹಾಸ ವಿಜ್ಞಾನದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಪಯುಕ್ತವಾದುದು.

ಮೊದಲು ಕೀಲಿನ ವಿಷಯ. ಎರಡು ಮೂಳೆಗಳು ಸಂಧಿಸುವಲ್ಲಿ ಅವುಗಳ ತುದಿಗಳಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆ ಇದೆ. ಅದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಆದುದರಿಂದ ಸವೆತ ಪ್ರಾರಂಭವಾದಾಗ ನೋವೂ ತಿಳಿಯದು, ಸವೆದದ್ದು ಮತ್ತೆ ತುಂಬಿಕೊಳ್ಳುವುದೂ ಇಲ್ಲ. ಹಾಳಾದ ಮೃದ್ವಸ್ಥಿ ಮರಳಿ ಸರಿಯಾಗದು ಎಂಬುದನ್ನು ಬ್ರಿಟನ್ನಿನ ವಿಲಿಯಂ ಹಂಟರ್ 1743ರಲ್ಲೇ ದಾಖಲಿಸಿದ್ದ. ಹೊದಿಕೆ ತೆಳುವಾದಂತೆ ಅದರ ಕೆಳಗಿನ ಮೂಳೆ ಗಟ್ಟಿಯಾಗುತ್ತದೆ, ಅಂಚುಗಳಲ್ಲಿ ಮೂಳೆಯ ಮುಳ್ಳುಗಳು ಬೆಳೆಯುತ್ತವೆ, ಕೀಲಿನ ಸಂದು ಕಿರಿದಾಗುತ್ತದೆ. ಈ ಬದಲಾವಣೆಗಳನ್ನು ಎಕ್ಸ್-ರೇ ಚಿತ್ರದಲ್ಲಿ ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಕ್ರಮವನ್ನು ಕೆಲ್‌ಗ್ರೆನ್ ಮತ್ತು ಲಾರೆನ್ಸ್ 1957ರಲ್ಲಿ ರೂಪಿಸಿದರು. ಇಂದಿಗೂ ವೈದ್ಯರು ಬಳಸುವುದು ಅದನ್ನೇ.

ಅದೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಜ್ವರ ಬಂದು, ಒಂದು ಹೊಸ ವೈರಸ್ ಪತ್ತೆಯಾಯಿತು. ಕಾಡಿನ ಹೆಸರೇ ರೋಗದ ಹೆಸರಾಯಿತು. ಸುಮಾರು ಹದಿನೆಂಟು ವರ್ಷಗಳ ಅನಂತರ, 1975ರ ಸುಮಾರಿಗೆ, ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರೂ ವೈದ್ಯಕೀಯ ಪತ್ರಿಕೆಗಳ ದಾರಿ ಹಿಡಿಯಿತು. (ಊರಿನ ಹೆಸರನ್ನು ರೋಗಕ್ಕೆ ಇಡುವುದು ವಿಜ್ಞಾನಿಗಳಿಗೆ ಅನುಕೂಲ. ಆ ಹೆಸರನ್ನು ಹೊತ್ತು ಬದುಕಬೇಕಾದವರು ಮಾತ್ರ ಊರಿನವರು.) ಅಲ್ಲಿನ ಕೆಲವರಿಗೆ ಸೊಂಟದ ಕೀಲಿನಲ್ಲಿ ನೋವು ಕಾಣಿಸಿಕೊಂಡು, ನಡಿಗೆ ಕುಂಟಾಗಿ, ಕ್ರಮೇಣ ಬೆನ್ನು ಬಾಗುತ್ತಿತ್ತು. ರೋಗ ಬಲಿತವರು ಕೋಲು ಹಿಡಿಯಬೇಕಾಗುತ್ತಿತ್ತು. ಕೆಲವರು ತೆವಳುವ ಸ್ಥಿತಿಗೆ ಬಂದಿದ್ದರು. ಪೀಡಿತರಲ್ಲಿ ಮಕ್ಕಳಿದ್ದರು, ದುಡಿಯುವ ವಯಸ್ಸಿನವರಿದ್ದರು. ಎಲ್ಲರೂ ಛಲವಾದಿ ಮತ್ತು ಚನ್ನಂಗಿ ಎಂಬ ದಲಿತ ಸಮುದಾಯಗಳಿಗೆ ಸೇರಿದವರು. ಬಹುಪಾಲು ಬೇರೆಯವರ ಗದ್ದೆಗಳಲ್ಲಿ ಕೂಲಿ ಮಾಡುವವರು. ಮುಂದೆ ಹುಡುಕಿದಾಗ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲೂ ಇದೇ ಸಮುದಾಯಗಳಲ್ಲಿ ರೋಗಿಗಳು ಕಂಡುಬಂದರು.

ಅಕ್ಕಪಕ್ಕದ ಮನೆಗಳ ಇತರ ಜಾತಿಯವರಿಗೆ ಈ ರೋಗವಿಲ್ಲ. ಗಾಳಿ ಒಂದೇ, ಮಳೆ ಒಂದೇ, ಅಕ್ಕಿ ಬೆಳೆಯುವ ಮಣ್ಣೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ?

ಆಗ ಮುಂದೆ ಬಂದ ಮೊದಲ ಉತ್ತರ ಏಡಿ. 1960ರ ದಶಕದಲ್ಲಿ ಹೆಚ್ಚು ಇಳುವರಿಯ ಭತ್ತದ ತಳಿಗಳ ಜೊತೆಗೆ ಎಂಡ್ರಿನ್, ಪ್ಯಾರಾಥಿಯಾನ್‌ಗಳಂಥ ಕೀಟನಾಶಕಗಳು ಮಲೆನಾಡಿನ ಗದ್ದೆಗಳಿಗೂ ಬಂದಿದ್ದವು. ಬಡ ಕೂಲಿಕಾರರು ಗದ್ದೆಯ ಏಡಿ, ಮೀನುಗಳನ್ನು ಹಿಡಿದು ತಿನ್ನುತ್ತಿದ್ದರು. ಮಾಂಸ ಕೊಳ್ಳಲಾಗದವರಿಗೆ ಅದೇ ಪ್ರೋಟೀನು. ಎಂಡ್ರಿನ್ ಬೇಗ ಕರಗಿಹೋಗುವ ವಸ್ತುವಲ್ಲ. ಜೀವಿಗಳ ಕೊಬ್ಬಿನಲ್ಲಿ ಶೇಖರವಾಗುತ್ತದೆ. ವಿಷವುಂಡ ಏಡಿಯನ್ನು ತಿಂದವರ ಕೀಲು ಕೆಟ್ಟಿತು ಎಂಬ ವಾದ ಸಹಜವಾಗಿಯೇ ಹುಟ್ಟಿತು. ಪರಿಸರದ ಬಗ್ಗೆ ಜಾಗೃತಿ ಮೂಡುತ್ತಿದ್ದ ಆ ದಿನಗಳಲ್ಲಿ ಇದು ಪತ್ರಿಕೆಗಳಲ್ಲೂ ಪುಸ್ತಕಗಳಲ್ಲೂ ಬೇಗ ಹರಡಿತು. ಹಂದಿಗೋಡು ಎಂದರೆ ಕೀಟನಾಶಕದ ದುರಂತ ಎಂದು ಇಂದಿಗೂ ನಂಬಿರುವವರಿದ್ದಾರೆ.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಅದು ರೋಗದ ಜಾತಿವಾರು ಹಂಚಿಕೆಯನ್ನು ವಿವರಿಸುತ್ತಿತ್ತು, ಕಾಲವನ್ನೂ ವಿವರಿಸುತ್ತಿತ್ತು. ಆದರೆ ಎರಡು ಕಡೆ ಅದು ಎಡವುತ್ತದೆ. ಎಂಡ್ರಿನ್, ಪ್ಯಾರಾಥಿಯಾನ್ ಎರಡೂ ಮುಖ್ಯವಾಗಿ ನರಮಂಡಲದ ಮೇಲೆ ದಾಳಿ ಮಾಡುವ ವಿಷಗಳು. ಅವು ಸೆಳೆತ ತರಬಲ್ಲವು, ಉಸಿರು ನಿಲ್ಲಿಸಬಲ್ಲವು. ಮಿಕ್ಕದ್ದನ್ನೆಲ್ಲ ಬಿಟ್ಟು ಎರಡೂ ಬದಿಯ ಸೊಂಟದ ಕೀಲನ್ನೇ ಹುಡುಕಿ ಕೆಡಿಸುವುದು ಅವುಗಳ ಸ್ವಭಾವವಲ್ಲ. ಇನ್ನು ಕಾಲದ ವಿಷಯ. ರೋಗ 1975ರಲ್ಲಿ ಹೊರಗಿನವರ ಗಮನಕ್ಕೆ ಬಂತು ಎಂದರೆ ಅದು ಆಗಲೇ ಹುಟ್ಟಿತು ಎಂದಾಗದು. ವೈದ್ಯರು ಕಾಲಿಡದ ಕೇರಿಯಲ್ಲಿ ರೋಗವೊಂದು ತಲೆಮಾರುಗಳಿಂದ ಇದ್ದರೂ ದಾಖಲೆಯಲ್ಲಿ ಅದು ಇರುವುದಿಲ್ಲ. ಮೊದಲ ಬಾರಿ ಕಂಡದ್ದನ್ನು ಮೊದಲ ಬಾರಿ ಆದದ್ದು ಎಂದು ಭಾವಿಸುವ ತಪ್ಪನ್ನು ನಾವೆಲ್ಲರೂ ಮಾಡುತ್ತೇವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ರಮೇಶ್ ಭಟ್ ಮತ್ತು ಕೃಷ್ಣಮಾಚಾರಿ ಅವರು ಹಳ್ಳಿಗಳಿಗೆ ಬಂದು ಅಧ್ಯಯನ ನಡೆಸಿ 1977ರಲ್ಲಿ ವರದಿ ಪ್ರಕಟಿಸಿದರು. ಪೋಷಣಾ ಸಂಸ್ಥೆಯವರು ಬಂದದ್ದರಿಂದ ಆಹಾರದಲ್ಲೇ ಕಾರಣ ಹುಡುಕುತ್ತಾರೆ ಎಂದು ನಿರೀಕ್ಷಿಸಬಹುದಿತ್ತು. ಆದರೆ ಅವರು ಕೊಟ್ಟ ಹೆಸರನ್ನೇ ಗಮನಿಸಿ: ‘ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ’. ಕೌಟುಂಬಿಕ ಎಂಬ ಪದ ಆಗಲೇ ಅಲ್ಲಿದೆ. ರೋಗ ಕುಟುಂಬಗಳಲ್ಲಿ ಗುಂಪುಗೂಡಿದೆ ಎಂಬುದು ಅವರ ಕಣ್ಣಿಗೆ ಬಿದ್ದಿತ್ತು.

ಇಲ್ಲೊಂದು ತೊಡಕಿದೆ, ತರಗತಿಯಲ್ಲಿ ಚರ್ಚಿಸಲು ಯೋಗ್ಯವಾದದ್ದು. ಕುಟುಂಬದಲ್ಲಿ ಬರುವುದೆಲ್ಲ ಆನುವಂಶಿಕವಲ್ಲ. ಒಂದು ಕುಟುಂಬದವರು ವಂಶವಾಹಿಗಳನ್ನು ಮಾತ್ರವಲ್ಲ, ಒಂದೇ ಒಲೆಯ ಅಡುಗೆಯನ್ನೂ ಹಂಚಿಕೊಳ್ಳುತ್ತಾರೆ. ನಮ್ಮ ಸಮಾಜದಲ್ಲಿ ಜಾತಿ ಯಾರು ಏನು ತಿನ್ನುತ್ತಾರೆ ಎಂಬುದನ್ನು ನಿರ್ಧರಿಸುತ್ತದೆ. ಯಾರು ಯಾರನ್ನು ಮದುವೆಯಾಗುತ್ತಾರೆ ಎಂಬುದನ್ನೂ ಅದೇ ನಿರ್ಧರಿಸುತ್ತದೆ. ಹಾಗಾಗಿ ರೋಗ ಎರಡೇ ಸಮುದಾಯಗಳಲ್ಲಿದೆ ಎಂಬ ಸಂಗತಿ ಏಡಿಯ ವಾದಕ್ಕೂ ಸಾಕ್ಷಿ, ವಂಶವಾಹಿಯ ವಾದಕ್ಕೂ ಸಾಕ್ಷಿ. ಎರಡಕ್ಕೂ ಸಾಕ್ಷಿಯಾದದ್ದು ಯಾವುದನ್ನೂ ತೀರ್ಮಾನಿಸದು. ಎರಡನ್ನೂ ಬೇರ್ಪಡಿಸುವ ಪ್ರಶ್ನೆ ಕೇಳಬೇಕು. ಕಾರಣ ಊಟವಾದರೆ, ಬೇರೆ ಕುಟುಂಬದಿಂದ ಮದುವೆಯಾಗಿ ಬಂದು ಅದೇ ಮಡಕೆಯಿಂದ ಉಣ್ಣುವ ಸೊಸೆಗೂ ರೋಗ ಬರಬೇಕು. ಕಾರಣ ವಂಶವಾಹಿಯಾದರೆ, ರೋಗ ರಕ್ತಸಂಬಂಧದ ಗೆರೆಯನ್ನು ಹಿಡಿದೇ ಇಳಿಯಬೇಕು, ಒಂದು ಲೆಕ್ಕದ ಪ್ರಕಾರ ಇಳಿಯಬೇಕು.

ಈ ಲೆಕ್ಕವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್.ಎಸ್. ಅಗರ್‌ವಾಲ್, ಶುಭಾ ಫಡ್ಕೆ ಮತ್ತು ಸಂಗಡಿಗರು ಮಾಡಿದರು. ವಂಶವೃಕ್ಷಗಳನ್ನು ಬರೆದು, ಎಕ್ಸ್-ರೇ ಚಿತ್ರಗಳನ್ನು ತೆಗೆದು, 1994ರಲ್ಲಿ ಪ್ರಕಟಿಸಿದ ಅವರ ಪ್ರಬಂಧ ಚಿತ್ರವನ್ನೇ ಬದಲಿಸಿತು. ರೋಗ ಪ್ರಬಲ ಗುಣವಾಗಿ, ಲಿಂಗ ನಿರ್ಧರಿಸದ ವರ್ಣತಂತುವಿನ ಮೂಲಕ ಸಾಗುತ್ತದೆ. ಎಂದರೆ ತಂದೆ ಅಥವಾ ತಾಯಿ ಒಬ್ಬರಿಗೆ ರೋಗವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಎಕ್ಸ್-ರೇಗಳು ಇನ್ನೂ ಹೆಚ್ಚಿನದನ್ನು ಹೇಳಿದವು. ರೋಗಿಗಳಲ್ಲಿ ಮೂರು ಬಗೆ. ಮೊದಲನೆಯವರದು ಸಾಧಾರಣ ಎತ್ತರ, ಸೊಂಟದ ಕೀಲು ಮಾತ್ರ ಕೆಟ್ಟಿರುತ್ತದೆ. ಎರಡನೆಯವರದು ಗಿಡ್ಡ ಮುಂಡ, ಬೆನ್ನಿನ ಕಶೇರುಮಣಿಗಳು ಚಪ್ಪಟೆ. ಮೂರನೆಯವರು ಕುಬ್ಜರು, ಬೆನ್ನು ಮತ್ತು ಸೊಂಟದ ಜೊತೆಗೆ ಕೈಕಾಲುಗಳ ಮೂಳೆಗಳೂ ವಿಕಾರಗೊಂಡಿರುತ್ತವೆ.

ಚಪ್ಪಟೆಯಾದ ಕಶೇರುಮಣಿ ಇಲ್ಲಿ ಬಹಳ ಮುಖ್ಯ. ಮೂಳೆಯ ಆಕಾರ ನಿರ್ಧಾರವಾಗುವುದು ಬಾಲ್ಯದಲ್ಲಿ, ಬೆಳವಣಿಗೆ ಫಲಕದ ಮೃದ್ವಸ್ಥಿಯಲ್ಲಿ. ಅಲ್ಲಿ ದೋಷವಿದ್ದುದರ ಗುರುತು ಈ ಮಣಿಗಳು. ತೊಡೆಮೂಳೆಯ ತಲೆಯೂ ಹಾಗೆಯೇ ಅಂಕುಡೊಂಕಾಗಿ ಬೆಳೆದಿರುತ್ತದೆ. ಅದು ಶ್ರೋಣಿಯ ಬಟ್ಟಲಿನಲ್ಲಿ ಸರಿಯಾಗಿ ಕೂರದೆ, ಅರವತ್ತು ವರ್ಷಗಳಲ್ಲಿ ಆಗಬೇಕಾದ ಸವೆತ ಇಪ್ಪತ್ತಕ್ಕೇ ಆಗುತ್ತದೆ. ಹೀಗೆ ಹಂದಿಗೋಡಿನ ಸಂಧಿವಾತ ಮೂಲರೋಗವಲ್ಲ, ಮೂಳೆಯ ಬೆಳವಣಿಗೆಯ ದೋಷದ ಪರಿಣಾಮ.

ಒಂದು ಕೆಟ್ಟ ಪ್ರತಿ ಇದ್ದರೆ ಇನ್ನೊಂದು ಒಳ್ಳೆಯ ಪ್ರತಿ ಕೆಲಸವನ್ನು ಸರಿದೂಗಿಸಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇದಕ್ಕೆ ಉತ್ತರ ಬೇರೊಂದು ಕುಟುಂಬದಿಂದ ಸಿಗುತ್ತದೆ. 1990ರಲ್ಲಿ ಅಮೆರಿಕದ ವಿಜ್ಞಾನಿಗಳು, ಎಳೆ ವಯಸ್ಸಿನಲ್ಲೇ ಅಸ್ಥಿಸಂಧಿವಾತ ಬರುವ ಕುಟುಂಬವೊಂದರಲ್ಲಿ ಎರಡನೇ ಮಾದರಿಯ ಕೊಲಾಜೆನ್ ಪ್ರೋಟೀನಿನ ಒಂದೇ ಒಂದು ಅಕ್ಷರದ ತಪ್ಪನ್ನು ಪತ್ತೆ ಮಾಡಿದರು. 519ನೇ ಸ್ಥಾನದಲ್ಲಿ ಆರ್ಜಿನೀನ್ ಇರಬೇಕಾದಲ್ಲಿ ಸಿಸ್ಟೀನ್ ಇತ್ತು. ಮೃದ್ವಸ್ಥಿಗೆ ಬಲ ಕೊಡುವುದು ಈ ಕೊಲಾಜೆನ್. ಅದು ಮೂರು ಎಳೆಗಳ ಹುರಿ. ಈ ರಚನೆಯನ್ನು ಮದರಾಸಿನಲ್ಲಿ 1954-55ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಅವರು ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್-ರೇ ಚಿತ್ರಗಳಿಂದ ಊಹಿಸಿದ್ದರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ಈಗ ಲೆಕ್ಕ ಹಾಕಿ. ಎರಡನೇ ಮಾದರಿಯಲ್ಲಿ ಮೂರು ಎಳೆಗಳೂ ಒಂದೇ ವಂಶವಾಹಿಯ ಉತ್ಪನ್ನ. ಅರ್ಧ ಎಳೆಗಳು ಕೆಟ್ಟವಾದರೆ, ಮೂರೂ ಒಳ್ಳೆಯ ಎಳೆಗಳೇ ಸೇರುವ ಸಂಭವ ಎಂಟರಲ್ಲಿ ಒಂದು. ಉಳಿದ ಏಳು ಹುರಿಗಳಲ್ಲೂ ಒಂದಾದರೂ ಕೆಟ್ಟ ಎಳೆ ಇರುತ್ತದೆ. ಅರ್ಧ ತಪ್ಪು ಎಂಟರಲ್ಲಿ ಏಳು ಪಾಲು ಹಾಳಾಗುವುದು ಹೀಗೆ. ಇದು ಹಂದಿಗೋಡಿನ ವಂಶವಾಹಿಯ ಬಗ್ಗೆ ಹೇಳುತ್ತಿರುವ ಮಾತಲ್ಲ. ಮೃದ್ವಸ್ಥಿಯ ರೋಗ ಪ್ರಬಲ ಗುಣವಾಗುವ ಬಗೆಗೆ ಒಂದು ನಿದರ್ಶನ.

ಹಂದಿಗೋಡಿಗೆ ದೂರದ ನೆಂಟನೊಂದಿದೆ. ದಕ್ಷಿಣ ಆಫ್ರಿಕದ ಜುಲುಲ್ಯಾಂಡಿನ ಉತ್ತರ ಭಾಗದ ಸೆಲೇನಿ ಪ್ರದೇಶದಲ್ಲಿ ಇಂಥದೇ ಸೊಂಟದ ರೋಗವನ್ನು 1970ರಲ್ಲಿ ವಿಟ್‌ಮನ್ ಮತ್ತು ಫೆಲಿಂಗ್‌ಹ್ಯಾಂ ವರದಿ ಮಾಡಿದ್ದರು. ಎರಡೂ ಒಂದೇ ಕಾಯಿಲೆಯೇ ಎಂಬ ಪ್ರಶ್ನೆಯನ್ನು ಅಗರ್‌ವಾಲ್ ತಂಡ 1997ರಲ್ಲಿ ಕೈಗೆತ್ತಿಕೊಂಡಿತು. ಸೈಬೀರಿಯ ಮತ್ತು ಚೀನದ ಕಾಶಿನ್-ಬೆಕ್ ರೋಗ ಇದಕ್ಕೆ ತದ್ವಿರುದ್ಧ. ಅಲ್ಲಿಯೂ ಮಕ್ಕಳ ಕೀಲುಗಳೇ ಕೆಡುತ್ತವೆ, ಆದರೆ ಮಣ್ಣಿನಲ್ಲಿ ಸೆಲೆನಿಯಂ ಕೊರತೆ, ಧಾನ್ಯಕ್ಕೆ ಹಿಡಿದ ಬೂಷ್ಟಿನ ವಿಷ ಮುಂತಾದ ಆಹಾರದ ಕಾರಣಗಳನ್ನೇ ಸಂಶೋಧಕರು ಮುಖ್ಯವೆಂದು ಹಿಡಿದಿದ್ದಾರೆ. ಹಂದಿಗೋಡಿನಲ್ಲಿ ಊಟವನ್ನು ಸಂದೇಹಿಸಿದವರು ಅವಿವೇಕಿಗಳಾಗಿರಲಿಲ್ಲ ಎಂಬುದಕ್ಕೆ ಈ ರೋಗವೇ ಸಾಕ್ಷಿ.

ಹೊಸ ಶತಮಾನದಲ್ಲಿ ಈ ಸಂಶೋಧನೆಯ ಒಂದು ಭಾಗ ದಕ್ಷಿಣ ಬೆಂಗಳೂರಿಗೂ ಬಂತು. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯ ನರರಸಾಯನ ವಿಭಾಗದವರು ಹಂದಿಗೋಡು ರೋಗಿಗಳ ರಕ್ತ, ಮೂತ್ರಗಳ ಜೀವರಾಸಾಯನಿಕ ಪರೀಕ್ಷೆ ನಡೆಸಿದರು. ಕೊಲಾಜೆನ್ ಒಡೆದಾಗ ಮೂತ್ರದಲ್ಲಿ ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲ ಬರುತ್ತದೆ. ಅದರ ಪ್ರಮಾಣ ಮೂಳೆ, ಮೃದ್ವಸ್ಥಿಗಳ ಸ್ಥಿತಿಯನ್ನು ಸೂಚಿಸಬಲ್ಲದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಈ ಹಳ್ಳಿಗಳ ವಿಷಯವನ್ನು ಕೈಗೆತ್ತಿಕೊಂಡದ್ದೂ ಅದೇ 2000ರ ದಶಕದಲ್ಲಿ. ಮೂವತ್ತು ವರ್ಷಗಳಷ್ಟು ತಡವಾಗಿ ಎನ್ನಬೇಕು.

ಈ ನಡುವೆ ಸಾಮಾನ್ಯ ಅಸ್ಥಿಸಂಧಿವಾತದ ಚಿಕಿತ್ಸೆಯಲ್ಲಿ ಹಲವು ನಂಬಿಕೆಗಳು ಬಿದ್ದುಹೋದವು. ಮೊಣಕಾಲಿನೊಳಗೆ ನಳಿಕೆ ತೂರಿಸಿ ತೊಳೆಯುವ ಶಸ್ತ್ರಕ್ರಿಯೆ, ಬರಿದೇ ಚರ್ಮ ಕೊಯ್ದು ಹೊಲಿದದ್ದಕ್ಕಿಂತ ಉತ್ತಮವಲ್ಲ ಎಂದು 2002ರಲ್ಲಿ ತಿಳಿಯಿತು. ಔಷಧಿ ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾಗುವ ಗ್ಲೂಕೋಸಮೀನ್, 1583 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಟ್ಟಾರೆ ನೋಡಿದಾಗ ಹುಸಿಗುಳಿಗೆಯನ್ನು ಮೀರಿಸಲಿಲ್ಲ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು 2005ರ ಅಳತೆಗಳು ತೋರಿಸಿದವು. 2024ರಲ್ಲಿ ಸೆಮಾಗ್ಲುಟೈಡ್ ಎಂಬ ಔಷಧಿಯಿಂದ 68 ವಾರಗಳಲ್ಲಿ ಶೇ. 13.7ರಷ್ಟು ತೂಕ ಇಳಿಸಿಕೊಂಡ ಸ್ಥೂಲಕಾಯದ ರೋಗಿಗಳಿಗೆ ಮೊಣಕಾಲಿನ ನೋವು ಗಣನೀಯವಾಗಿ ಕಡಿಮೆಯಾದದ್ದು ವರದಿಯಾಗಿದೆ.

ಹಂದಿಗೋಡಿನ ಕೃಶಕಾಯದ ಕೂಲಿಕಾರರಿಗೆ ಇದರಿಂದ ಪ್ರಯೋಜನ ಕಡಿಮೆ. ಅವರಿಗೆ ದಾರಿ ತೋರಬಲ್ಲದ್ದು ಜಾನ್ ಚಾರ್ನ್‌ಲಿ 1962ರಲ್ಲಿ ಬ್ರಿಟನ್ನಿನಲ್ಲಿ ಯಶಸ್ವಿಗೊಳಿಸಿದ ಕೃತಕ ಸೊಂಟದ ಕೀಲು: ಲೋಹದ ಗುಂಡು, ಪಾಲಿಎಥಿಲೀನ್ ಬಟ್ಟಲು. ಆದರೆ ಅದೂ ಸವೆಯುವ ವಸ್ತು. ಎಪ್ಪತ್ತರಲ್ಲಿ ಹಾಕಿಸಿಕೊಂಡವರಿಗೆ ಜೀವಮಾನವಿಡೀ ಸಾಕಾಗಬಹುದು. ಇಪ್ಪತ್ತೈದರಲ್ಲಿ ಹಾಕಿಸಿಕೊಂಡವರು ಮತ್ತೆ ಮೇಜಿನ ಮೇಲೆ ಮಲಗಬೇಕಾದೀತು. ಜಯನಗರದಲ್ಲಿರುವ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆ ಸಾಗರದಿಂದ ಸುಮಾರು 350 ಕಿ.ಮೀ. ದೂರ. ದಿನಗೂಲಿಯವರಿಗೆ ಆ ದೂರವೂ ಒಂದು ಖರ್ಚೇ.

ವಂಶವಾಹಿಯ ಉತ್ತರ ಆ ಹಳ್ಳಿಗಳಿಗೆ ಒಂದು ವಿಧದಲ್ಲಿ ಕಠಿಣವಾದದ್ದು. ವಿಷ ಕಾರಣವಾಗಿದ್ದರೆ ಹೊಣೆ ಹೊರಗಿನವರದು, ನಿಷೇಧಿಸಿದರೆ ರೋಗವೂ ನಿಲ್ಲುತ್ತಿತ್ತು. ವಂಶವಾಹಿ ಎಂದಾಗ ಮಾತು ಮದುವೆಗೆ ಬಂದು ನಿಲ್ಲುತ್ತದೆ, ಇಡೀ ಸಮುದಾಯದ ಮೇಲೆ ಸಂಶಯದ ನೆರಳು ಬೀಳುತ್ತದೆ. ಆದರೆ ಪ್ರಬಲ ಗುಣದ ಲೆಕ್ಕದಲ್ಲಿ ಇನ್ನೊಂದು ಮುಖವಿದೆ. ದೋಷವಿರುವ ಪ್ರತಿಯನ್ನು ಪಡೆಯದ ಅರ್ಧದಷ್ಟು ಮಕ್ಕಳು ಅದನ್ನು ತಮ್ಮ ಮಕ್ಕಳಿಗೂ ದಾಟಿಸಲಾರರು. ಬಾಲ್ಯದಲ್ಲಿ ತೆಗೆದ ಸೊಂಟ ಮತ್ತು ಬೆನ್ನಿನ ಒಂದು ಎಕ್ಸ್-ರೇ, ನೋವು ಕಾಣಿಸುವ ಮೊದಲೇ ಮೂಳೆಯ ಆಕಾರದ ದೋಷವನ್ನು ತೋರಿಸಬಲ್ಲದು. ಸಾಗರದ ಪಟ್ಟಣದಲ್ಲಿ ಸಿಗುವ ಸಾಧಾರಣ ಯಂತ್ರ ಅದಕ್ಕೆ ಸಾಕು.