ಭರತನಾಟ್ಯದಲ್ಲಿ ಬೆನ್ನಿನ ವಿಚಾರ

ನರ್ತಕರ ಬೆನ್ನುನೋವಿಗೆ ವ್ಯಾಯಾಮದ ಕೊರತೆಯೇ ಕಾರಣವೆಂದೂ, ಹೊಟ್ಟೆಯ ಸ್ನಾಯುಗಳನ್ನು ಬಿಗಿದು ಬೆನ್ನನ್ನು ಕಂಬದಂತೆ ನಿಲ್ಲಿಸಿಕೊಂಡರೆ ಸಕಲವೂ ಸರಿಹೋಗುವುದೆಂದೂ ಈಚಿನ ಕಾರ್ಯಾಗಾರಗಳಲ್ಲಿ ಸಾರುತ್ತಿರುವ ಮಾತನ್ನು ಕೇಳಿದರೆ, ಈ ವಿಷಯಕ್ಕೆ ನಮ್ಮಲ್ಲಿಯೂ ಒಂದು ಚರಿತ್ರೆಯುಂಟೆಂಬುದನ್ನು ಜನ ಮರೆತಂತೆ ತೋರುತ್ತದೆ.

ಶಾಸ್ತ್ರಭಾಗವನ್ನು ಬೇಗನೆ ಮುಗಿಸಬಹುದು. ಭರತನು ಎದೆಗೆ ಐದು ಬಗೆಯ ಚಲನೆಗಳನ್ನು ವಿಧಿಸಿ, ಅವುಗಳ ಲಕ್ಷಣದೊಳಗೇ ಬೆನ್ನಿನ ಏರಿಳಿತವನ್ನು ಅಡಗಿಸಿದನು. ಅಭಿನಯದರ್ಪಣವಾದರೋ ಪೃಷ್ಠವನ್ನು ಆರು ಪ್ರತ್ಯಂಗಗಳಲ್ಲಿ ಒಂದೆಂದು ಎಣಿಸಿಯೂ, ಶಿರಸ್ಸಿಗೆ 9, ದೃಷ್ಟಿಗೆ 8, ಗ್ರೀವೆಗೆ 4 ಭೇದಗಳನ್ನು ವಿವರಿಸಿ, ಪೃಷ್ಠಕ್ಕೆ ಒಂದನ್ನೂ ಹೇಳದೆ ಮುಂದೆ ಸಾಗಿತು. ಬಾಗಿದ ಬೆನ್ನು ಚಿದಂಬರದ ಗೋಪುರಗಳ ಕರಣಶಿಲ್ಪಗಳಲ್ಲಿ ಉಳಿಯಿತು. ಅದನ್ನು ಪದ್ಮಾ ಸುಬ್ರಹ್ಮಣ್ಯಂ ಅವರು ರಂಗಕ್ಕೆ ಮರಳಿ ತಂದಾಗ ಸರ್ಕಸ್ಸೆಂದು ಮೂಗು ಮುರಿದವರು ಶಿಲ್ಪವನ್ನು ನೋಡಿದ್ದರೋ ಇಲ್ಲವೋ ನಾನರಿಯೆ.

ಬ್ಯಾಲೆಯ ಪರಿಚಯವಿದ್ದು, ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಅಭ್ಯಾಸ ಮಾಡಿದ ರುಕ್ಮಿಣೀದೇವಿಯವರು 1936ರಲ್ಲಿ ಸ್ಥಾಪಿಸಿದ ಕಲಾಕ್ಷೇತ್ರದಿಂದ ನೃತ್ತಕ್ಕೆ ರೇಖಾಶುದ್ಧಿಯ ಕಾಂತಿ ಬಂದುದು ನಿರ್ವಿವಾದ. ಆದರೆ ನೆಟ್ಟಗಿರುವುದು ಬೇರೆ, ಅಲುಗದಿರುವುದು ಬೇರೆ ಎಂಬ ವಿವೇಕವು ಅನುಕರಿಸಿದವರೆಲ್ಲರಲ್ಲಿ ಉಳಿಯಲಿಲ್ಲ. ಅರೆಮಂಡಿಯಲ್ಲಿ ನಿಂತ ಮಗುವನ್ನು ಪಕ್ಕದಿಂದ ನೋಡಬೇಕು. ತೊಡೆಯ ಕೀಲು ಸಾಕಷ್ಟು ಹೊರಳದೆ ಪಾದಗಳನ್ನು ಮಾತ್ರ ಹೊರಕ್ಕೆ ತಿರುಗಿಸಿದರೆ ಕಟಿಯು ಮುಂದಕ್ಕೆ ವಾಲಿ ಸೊಂಟದ ಹಿಂಭಾಗ ಕುಳಿಯಾಗುತ್ತದೆ. ಆಗ ಗುರುವು ‘ಬೆನ್ನು ನೆಟ್ಟಗೆ’ ಎಂದು ಗದರಿದರೆ ಮಗು ಎದೆಯನ್ನು ಮುಂದೂಡಿ ಆ ಕುಳಿಯನ್ನು ಇನ್ನಷ್ಟು ಆಳ ಮಾಡಿಕೊಳ್ಳುತ್ತದೆ. ಅದೇ ಆಕಾರದಲ್ಲಿ, ಸಿಮೆಂಟಿನ ನೆಲದ ಮೇಲೆ, ‘ತೈಯಾ ತೈ’ ಮೂರು ಕಾಲಗಳಲ್ಲಿ ನಡೆಯುತ್ತದೆ.

ನೋವೆಂದರೆ ಸಾಧನೆ ಸಾಲದೆಂದೇ ನಂಬಿ ಬೆಳೆದವರು ನನ್ನ ತಲೆಮಾರಿನವರು. ಪೋಷಾಕಿನೊಳಗೆ ಸೊಂಟಪಟ್ಟಿ ಬಿಗಿದು, ವರ್ಣಕ್ಕೆ ಮೊದಲು ಗುಳಿಗೆ ನುಂಗಿ ರಂಗವೇರುವುದು ನಮ್ಮಲ್ಲಿ ಶ್ರದ್ಧೆಯ ಲಕ್ಷಣವಾಗಿತ್ತು. ಹೇಳಿಕೊಂಡವರಿಗೆ ಕಾರ್ಯಕ್ರಮ ತಪ್ಪುವ ಭಯವಿದ್ದುದರಿಂದ ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಈ ಮೌನವನ್ನು ಕದಲಿಸಿದವರಲ್ಲಿ ನಾನು ಮೊದಲು ಹೆಸರಿಸುವುದು ಚಂದ್ರಲೇಖಾ ಅವರನ್ನು. 1985ರ ‘ಆಂಗಿಕ’ದಲ್ಲಿ ಕಳರಿಪಯಟ್ಟನ್ನೂ ಯೋಗವನ್ನೂ ಭರತನಾಟ್ಯದೊಡನೆ ನಿಲ್ಲಿಸಿ, ಆಭರಣವನ್ನೂ ಕಥೆಯನ್ನೂ ಕಳಚಿ, ಬೆನ್ನೆಲುಬನ್ನೇ ನೃತ್ಯದ ಕೇಂದ್ರವನ್ನಾಗಿ ಅವರು ತೋರಿದ ಮೇಲೆ, ಬೆನ್ನು ಸೈರಿಸುವ ಅವಯವ ಮಾತ್ರವಲ್ಲ, ಅದೂ ಮಾತಾಡಬಲ್ಲುದೆಂದು ನಮ್ಮಲ್ಲಿ ಹಲವರಿಗೆ ಹೊಳೆಯಿತು. 1990ರಲ್ಲಿ ಪ್ರೊತಿಮಾ ಬೇಡಿಯವರು ಹೆಸರಘಟ್ಟದಲ್ಲಿ ತೆರೆದ ನೃತ್ಯಗ್ರಾಮದಲ್ಲಿ ಕಟಿ ಒಂದೆಡೆ, ಮುಂಡ ಇನ್ನೊಂದೆಡೆ ಸರಿಯುವ ಒಡಿಸ್ಸಿಯ ತ್ರಿಭಂಗಿಗೆ ದೇಹವನ್ನು ವ್ಯಾಯಾಮದಿಂದ ಅಣಿಗೊಳಿಸುವ ಕ್ರಮ ಬೆಳೆಯಿತು. ನಮ್ಮ ಭರತನಾಟ್ಯದವರು ಅದನ್ನು ಮೆಚ್ಚಿ ಚಪ್ಪಾಳೆ ತಟ್ಟಿದಷ್ಟು ಕಲಿಯಲಿಲ್ಲ.

ಈಗಲೂ ಜೂನಿಯರಿನಿಂದ ವಿದ್ವತ್ತಿನವರೆಗೆ ಹಸ್ತಗಳ ವಿನಿಯೋಗಶ್ಲೋಕ ಕೇಳುವ ಪರೀಕ್ಷಕರು ಬೆನ್ನನ್ನು ಕುರಿತು ಒಂದು ಪ್ರಶ್ನೆ ಕೇಳಿದುದನ್ನು ನಾನು ಕಂಡಿಲ್ಲ. ರಾತ್ರಿಯಿಡೀ ಭಾರದ ವೇಷ ಹೊತ್ತು ಮಂಡಿ ಹಾಕುವ ಬಡಗುತಿಟ್ಟಿನ ಕಲಾವಿದನ ಬೆನ್ನಂತೂ ನಮ್ಮ ಚರ್ಚೆಗೆ ಬರುವುದೇ ಅಪೂರ್ವ. ಬಾಗುವುದು, ಹೊರಳುವುದು, ಉಸಿರಿನೊಡನೆ ಮರಳಿ ಏಳುವುದು, ಇವು ಮೊದಲ ವರ್ಷದಲ್ಲಿಯೇ ಅಡವುಗಳ ಪಕ್ಕದಲ್ಲಿ ಪಾಠವಾಗಬೇಕು. ಮೂಳೆವೈದ್ಯರ ಕೊಠಡಿಯಲ್ಲಿ ನಲವತ್ತರ ಮೇಲೆ ಕಲಿಯುವ ಈ ವಿದ್ಯೆಯನ್ನು ಏಳರ ವಯಸ್ಸಿನಲ್ಲಿ ಕಲಿಸಬೇಕಾದುದು ಗುರುವಿನ ಹೊಣೆ.