ಚಿತ್ರ ಬರೆದು ಬದುಕಿದವರು

(ಕನ್ನಡ ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ನಮ್ಮ ಮನೆಗಳಲ್ಲಿ ಮಗನೋ ಮಗಳೋ ಹೈಸ್ಕೂಲು ಮುಗಿಸುವ ಹೊತ್ತಿಗೆ ತಾನು ಗ್ರಾಫಿಕ್ ಡಿಸೈನ್ ಓದುವುದಾಗಿ ಹೇಳಿದರೆ, ತಂದೆತಾಯಿಗಳ ಬಾಯಿಂದ ಹೊರಡುವ ಮೊದಲ ಪ್ರಶ್ನೆ ಒಂದೇ: "ಅದರಿಂದ ಹೊಟ್ಟೆ ತುಂಬುತ್ತದೆಯೆ?" ಈ ಪ್ರಶ್ನೆಯನ್ನು ಅರಸಿಕರ ಪ್ರಶ್ನೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸಮುದ್ರ ದಾಟಿ ಬಂದು ಹೊಸದಾಗಿ ಸಂಸಾರ ಕಟ್ಟಿದವರು ಕೇಳಲೇಬೇಕಾದ ಪ್ರಶ್ನೆ ಅದು. ನಮಗಿಂತ ಬಹು ಮುಂಚೆ ಈ ನೆಲಕ್ಕೆ ಬಂದ ಇನ್ನೊಂದು ಜನಾಂಗದ ಮನೆಗಳಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಪೂರ್ವ ಯೂರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಾತು ನಾವು ಹೇಳುತ್ತಿರುವುದು. ಆ ಮನೆಗಳ ಹಲವು ಮಕ್ಕಳು ಮುಂದೆ ಅಮೆರಿಕದ ಕಂಪನಿಗಳಿಗೆ, ಪತ್ರಿಕೆಗಳಿಗೆ, ನಗರಗಳಿಗೆ ಮುಖವನ್ನೇ ಬರೆದುಕೊಟ್ಟರು. ಅವರ ವೃತ್ತಿಜೀವನದ ಇತಿಹಾಸದಲ್ಲಿ ನಮ್ಮ ಪ್ರಶ್ನೆಗೆ ಉತ್ತರವೇನಾದರೂ ಇದೆಯೆ ಎಂದು ನೋಡುವುದು ಇಂದಿನ ಉಪನ್ಯಾಸದ ಉದ್ದೇಶ.

1914ರಲ್ಲಿ ಬ್ರೂಕ್ಲಿನ್ನಿನ ಸಂಪ್ರದಾಯಸ್ಥ ಯಹೂದಿ ಮನೆತನವೊಂದರಲ್ಲಿ ಪೆರೆಟ್ಸ್ ರೋಸೆನ್‌ಬಾಮ್ ಎಂಬ ಬಾಲಕ ಹುಟ್ಟಿದ. ತಂದೆಯದು ದಿನಸಿ ಅಂಗಡಿ. ಅಂಗಡಿಗೆ ಬೇಕಾದ ಫಲಕಗಳನ್ನು ಈ ಹುಡುಗನೇ ಬರೆಯುತ್ತಿದ್ದ. ಆದರೆ ಚಿತ್ರಕಲೆಯಿಂದ ಜೀವನ ಸಾಗೀತೆಂಬ ನಂಬಿಕೆ ತಂದೆಗಿರಲಿಲ್ಲ. ಹಗಲು ಸಾಮಾನ್ಯ ಹೈಸ್ಕೂಲಿನಲ್ಲಿ ಓದಬೇಕು, ಬೇಕಿದ್ದರೆ ರಾತ್ರಿ ಪ್ರ್ಯಾಟ್ ಸಂಸ್ಥೆಯ ತರಗತಿಗೆ ಹೋಗಬಹುದು ಎಂಬುದು ಅವರ ಕರಾರು. ಹುಡುಗ ಎರಡನ್ನೂ ಮಾಡಿದ. ವೃತ್ತಿಗೆ ಇಳಿಯುವಾಗ ತನ್ನ ಹೆಸರನ್ನು ಪಾಲ್ ರ್‍ಯಾಂಡ್ ಎಂದು ಬದಲಾಯಿಸಿಕೊಂಡ. ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರದ ಎರಡು ಪದಗಳು. ಉಚ್ಚರಿಸಲು ಬಾರದವರ ನಡುವೆ ಹೆಸರನ್ನು ತುಂಡರಿಸಿಕೊಳ್ಳುವ ಸಂಕಟ ನಮ್ಮ ಮಕ್ಕಳಿಗೂ ಹೊಸದಲ್ಲ. ರ್‍ಯಾಂಡರು ಮೊದಲು ವಿನ್ಯಾಸಗೊಳಿಸಿದ ಚಿಹ್ನೆ ತಮ್ಮ ಹೆಸರೇ ಎಂದು ವಿದ್ವಾಂಸರು ಹೇಳುವುದುಂಟು.

1938ರಿಂದ ಕೆಲವು ವರ್ಷಗಳ ಕಾಲ 'ಡೈರೆಕ್ಷನ್' ಎಂಬ ಪತ್ರಿಕೆಗೆ ರ್‍ಯಾಂಡರು ಸಂಭಾವನೆಯಿಲ್ಲದೆ ಮುಖಪುಟ ಬರೆದುಕೊಟ್ಟರು. ಅದಕ್ಕೆ ಪ್ರತಿಯಾಗಿ ಅವರು ಪಡೆದದ್ದು ಪೂರ್ಣ ಸ್ವಾತಂತ್ರ್ಯವನ್ನು. ಹಾಗೆ ಗಳಿಸಿದ ಹೆಸರೇ ಅವರಿಗೆ ಮುಂದಿನ ಬಂಡವಾಳವಾಯಿತು. 1956ರಲ್ಲಿ ಐ.ಬಿ.ಎಂ. ಸಂಸ್ಥೆಯ ಲಾಂಛನವನ್ನು ಅವರು ಮರುರೂಪಿಸಿದರು. ಇಂದು ನಾವು ಕಾಣುವ ಎಂಟು ಪಟ್ಟಿಗಳ ರೂಪ 1972ರದು. ನಮ್ಮಲ್ಲಿ ಎಷ್ಟೋ ಜನರ ಸಂಬಳದ ಚೀಟಿಯ ಮೇಲೆ ಇದ್ದ ಆ ಮೂರು ನೀಲಿ ಅಕ್ಷರಗಳ ಹಿಂದೆ ದಿನಸಿ ಅಂಗಡಿಯವರ ಮಗನ ಕೈ ಇತ್ತು. ದೊಡ್ಡ ಕಂಪನಿಗಳ ಕೆಲಸ ಮಾಡಿದರೂ ರ್‍ಯಾಂಡರು ದೊಡ್ಡ ಕಚೇರಿ ಕಟ್ಟಲಿಲ್ಲ. ಕನೆಕ್ಟಿಕಟ್ಟಿನ ವೆಸ್ಟನ್ ಊರಿನ ತಮ್ಮ ಮನೆಯಲ್ಲಿಯೇ ಕೆಲಸ ಮಾಡಿದರು. ಜೊತೆಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

1986ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ನೆಕ್ಸ್ಟ್ ಕಂಪನಿಗೆ ಲಾಂಛನ ಕೇಳಿ ಬಂದರು. ಆಯ್ಕೆ ಮಾಡಿಕೊಳ್ಳಲು ಕೆಲವು ಮಾದರಿಗಳನ್ನು ಕೊಡುವಿರಾ ಎಂದಾಗ ರ್‍ಯಾಂಡರು ಒಪ್ಪಲಿಲ್ಲ. ತಮ್ಮ ಸಮಸ್ಯೆಗೆ ತಾವು ಒಂದು ಪರಿಹಾರ ಕೊಡುವುದಾಗಿಯೂ, ಅದನ್ನು ಬಳಸಲಿ ಬಿಡಲಿ ಹಣ ಕೊಡಬೇಕೆಂದೂ ಹೇಳಿದರೆಂದು ಜಾಬ್ಸರು 1993ರ ಸಂದರ್ಶನವೊಂದರಲ್ಲಿ ನೆನೆದಿದ್ದಾರೆ. ಆ ಕೆಲಸದ ಶುಲ್ಕ 1,00,000 ಡಾಲರು. ಇದನ್ನು ಅಹಂಕಾರವೆಂದು ಭಾವಿಸುವವರು ಇರಬಹುದು. ನಮಗೆ ಇದರಲ್ಲಿ ಕಾಣುವುದು ಒಳ್ಳೆಯ ವೈದ್ಯರ ನಿಲುವು: ವೈದ್ಯರು ರೋಗಿಯ ಮುಂದೆ ಐದು ಔಷಧ ಇಟ್ಟು ಬೇಕಾದದ್ದನ್ನು ಆರಿಸಿಕೊಳ್ಳಿ ಎನ್ನುವುದಿಲ್ಲ.

ಒಬ್ಬರೇ ಕುಳಿತು ದುಡಿಯುವುದು ಒಂದು ದಾರಿಯಾದರೆ, ಗೆಳೆಯರು ಕೂಡಿ ದುಡಿಯುವುದು ಇನ್ನೊಂದು. ಮಿಲ್ಟನ್ ಗ್ಲೇಸರ್ 1929ರಲ್ಲಿ, ಸೀಮೋರ್ ಕ್ವಾಸ್ಟ್ 1931ರಲ್ಲಿ ಬ್ರಾಂಕ್ಸಿನಲ್ಲಿ ಹುಟ್ಟಿದವರು. ಗ್ಲೇಸರರ ತಂದೆತಾಯಿಗಳು ಹಂಗೆರಿಯಿಂದ ಬಂದವರು; ತಂದೆಯದು ದರ್ಜಿಯ ಕಸುಬು. ನಿನ್ನಿಂದ ಆಗದ್ದೇನೂ ಇಲ್ಲವೆಂದು ತಾಯಿ ನಂಬಿಸುತ್ತಿದ್ದರು, ಹಾಗಾದರೆ ಮಾಡಿ ತೋರಿಸು ಎಂದು ತಂದೆ ಕೇಳುತ್ತಿದ್ದರು, ತಮಗೆ ಎರಡೂ ಬೇಕಾಗಿದ್ದವು ಎಂಬರ್ಥದ ಮಾತನ್ನು ಗ್ಲೇಸರರು ಸಂಭಾಷಣೆಯಲ್ಲಿ ಆಡಿದ್ದಾರೆ. ಈ ಗೆಳೆಯರು ಕೂಡಿದ್ದು ನ್ಯೂಯಾರ್ಕಿನ ಕೂಪರ್ ಯೂನಿಯನ್ ಕಾಲೇಜಿನಲ್ಲಿ. ಪ್ರವೇಶ ದೊರೆತವರಿಂದ ಆ ಕಾಲೇಜು ಆಗ ಬೋಧನಾ ಶುಲ್ಕ ಪಡೆಯುತ್ತಿರಲಿಲ್ಲ. ದರ್ಜಿಯ ಮಗ ಕಲಾವಿದನಾದುದರಲ್ಲಿ ಪ್ರತಿಭೆಯಷ್ಟೇ ಪಾಲು ಆ ಉಚಿತ ವಿದ್ಯಾದಾನಕ್ಕೂ ಸಲ್ಲಬೇಕು.

ಕಾಲೇಜು ಮುಗಿದ ಮೇಲೆ ಕ್ವಾಸ್ಟ್ ಮತ್ತು ಎಡ್ವರ್ಡ್ ಸೋರೆಲ್ ಇಬ್ಬರೂ ತಾವಿದ್ದ ಪತ್ರಿಕೆಯ ಕೆಲಸವನ್ನು ಒಂದೇ ದಿನ ಕಳೆದುಕೊಂಡರು. ನಿರುದ್ಯೋಗ ಭತ್ಯೆಯ ಹಣವನ್ನು ಒಟ್ಟುಗೂಡಿಸಿ ಮ್ಯಾನ್‌ಹ್ಯಾಟನ್ನಿನ 17ನೇ ಬೀದಿಯಲ್ಲಿ, ಬಿಸಿನೀರೂ ಇಲ್ಲದ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ರೆನಾಲ್ಡ್ ರಫಿನ್ಸ್ ಎಂಬ ಕಪ್ಪು ಅಮೆರಿಕನ್ ಸಹಪಾಠಿ ಅವರೊಡನಿದ್ದರು. ಗ್ಲೇಸರರು ಇಟಲಿಯಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿದ್ದು ಹಿಂದಿರುಗಿದ ಮೇಲೆ, 1954ರಲ್ಲಿ, 'ಪುಶ್ ಪಿನ್ ಸ್ಟುಡಿಯೋಸ್' ಆರಂಭವಾಯಿತು. ಕೆಲಸ ಹುಡುಕಿಕೊಳ್ಳಲು ಅವರು ಕಂಡುಕೊಂಡ ಉಪಾಯ ಸ್ವಾರಸ್ಯಕರವಾದುದು. ಪಂಚಾಂಗದ ಧಾಟಿಯ ಪುಟ್ಟ ಪುಸ್ತಿಕೆಯೊಂದನ್ನು ತಾವೇ ಚಿತ್ರಿಸಿ, ಅಚ್ಚು ಹಾಕಿಸಿ, ಕೆಲಸ ಕೊಡಬಲ್ಲವರ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದರು. ಕೆಲಸ ಕೊಡಿ ಎಂದು ಅರ್ಜಿ ಬರೆಯುವ ಬದಲು ಕೆಲಸವನ್ನೇ ಮಾಡಿ ತೋರಿಸುವ ಕ್ರಮವಿದು. ಮುಂದೆ ಅದೇ 'ಪುಶ್ ಪಿನ್ ಗ್ರಾಫಿಕ್' ಪತ್ರಿಕೆಯಾಗಿ 1980ರವರೆಗೂ ನಡೆಯಿತು. 1970ರಲ್ಲಿ ಪ್ಯಾರಿಸ್ಸಿನ ಅಲಂಕಾರ ಕಲೆಗಳ ವಸ್ತುಸಂಗ್ರಹಾಲಯದಲ್ಲಿ ಇವರ ಕೃತಿಗಳ ಪ್ರದರ್ಶನವೇ ಏರ್ಪಟ್ಟಿತು.

ಆದರೆ ಗೆಳೆತನದ ಮೇಲೆ ಕಟ್ಟಿದ ಮನೆಗೂ ಬಿರುಕು ತಪ್ಪುವುದಿಲ್ಲ. 1956ರಲ್ಲಿ ಸ್ಟುಡಿಯೊ ಒಳ್ಳೆಯ ಜಾಗಕ್ಕೆ ಸ್ಥಳಾಂತರಗೊಂಡ ದಿನವೇ ಸೋರೆಲ್ ಹೊರನಡೆದರು. 1960ರಲ್ಲಿ ರಫಿನ್ಸ್ ಹೋದರು. 20 ವರ್ಷ ಜೊತೆಯಲ್ಲಿದ್ದ ಗ್ಲೇಸರರು 1974ರಲ್ಲಿ ತಮ್ಮದೇ ಸ್ಟುಡಿಯೊ ತೆರೆದರು. ಹಾಗೆಂದು ಇದನ್ನು ಸೋಲೆನ್ನಬೇಕಿಲ್ಲ. ಬೆಳೆದ ಸಸಿಯನ್ನು ಮಡಿಯಿಂದ ಕಿತ್ತು ನಾಟಿ ಮಾಡುವುದೂ ಬೇಸಾಯದ ಒಂದು ಭಾಗವೇ.

ಮೂರನೆಯ ದಾರಿಯನ್ನು ತೋರಿಸಿದವರು ಲಂಡನ್ನಿನವರು. 1972ರಲ್ಲಿ ಅಲನ್ ಫ್ಲೆಚರ್, ಥಿಯೊ ಕ್ರಾಸ್ಬಿ, ಕಾಲಿನ್ ಫೋರ್ಬ್ಸ್, ಕೆನೆತ್ ಗ್ರೇಂಜ್, ಮರ್ವಿನ್ ಕುರ್ಲಾನ್ಸ್ಕಿ ಎಂಬ ಐವರು ಸೇರಿ 'ಪೆಂಟಗ್ರಾಮ್' ಸ್ಥಾಪಿಸಿದರು. 1978ರಲ್ಲಿ ಫೋರ್ಬ್ಸರು ನ್ಯೂಯಾರ್ಕಿಗೆ ಬಂದು ಅಲ್ಲಿಯೂ ಕಚೇರಿ ತೆರೆದರು. ಪ್ರತಿಯೊಬ್ಬ ಪಾಲುದಾರರಿಗೂ ಅವರದೇ ತಂಡ, ಅವರದೇ ಗಿರಾಕಿಗಳು. ಬಂದ ಲಾಭದಲ್ಲಿ ಮಾತ್ರ ಎಲ್ಲರಿಗೂ ಸಮಪಾಲು. ಆ ವರ್ಷ ಯಾರು ಹೆಚ್ಚು ತಂದರು, ಯಾರು ಕಡಿಮೆ ತಂದರು ಎಂಬ ಲೆಕ್ಕವಿಲ್ಲ. ಮೇಲೊಬ್ಬ ಯಜಮಾನನೂ ಇಲ್ಲ. ನಮ್ಮ ಅವಿಭಕ್ತ ಕುಟುಂಬದ ಭಾಷೆಯಲ್ಲಿ ಹೇಳುವುದಾದರೆ, ಒಲೆಗಳು ಬೇರೆಬೇರೆ, ಕಣಜ ಒಂದೇ. ನಮ್ಮ ಕೂಡು ಕುಟುಂಬಗಳು ಎಲ್ಲಿ ಒಡೆದವೋ ಆ ಜಾಗದಲ್ಲಿಯೇ ಇವರು ಲಿಖಿತ ನಿಯಮ ಇಟ್ಟುಕೊಂಡರು. ಆದ್ದರಿಂದಲೇ ಸ್ಥಾಪಕರ ಕಾಲಾನಂತರವೂ ಸಂಸ್ಥೆ ಉಳಿದಿದೆ.

1991ರಲ್ಲಿ ಈ ಸಂಸ್ಥೆಯ ನ್ಯೂಯಾರ್ಕ್ ಕಚೇರಿಯನ್ನು ಪಾಲುದಾರರಾಗಿ ಸೇರಿದ ಪೌಲಾ ಶೇರ್ ಅವರ ಪ್ರಸಂಗವೊಂದನ್ನು ಇಲ್ಲಿ ನೆನೆಯಬೇಕು. 1998ರಲ್ಲಿ ಸಿಟಿ ಬ್ಯಾಂಕಿನ ಹೊಸ ಲಾಂಛನವನ್ನು ಅವರು ಮೊದಲ ಸಭೆಯಲ್ಲಿಯೇ, ಕೈಗೆ ಸಿಕ್ಕ ಕಾಗದದ ಕರವಸ್ತ್ರದ ಮೇಲೆ ಗೀಚಿಬಿಟ್ಟರು. ಕ್ಷಣದಲ್ಲಿ ಮುಗಿದ ಕೆಲಸಕ್ಕೆ ದೊಡ್ಡ ಬೆಲೆಯೇಕೆ ಎಂದು ಕೇಳಿದರೆ, ಆ ಕ್ಷಣದ ಹಿಂದೆ ದಶಕಗಳ ಅಭ್ಯಾಸವಿದೆಯೆಂಬುದೇ ಅವರ ಉತ್ತರ.

ಬೆಲೆಯ ಮಾತು ಬಂದದ್ದರಿಂದ ಇನ್ನೆರಡು ಉದಾಹರಣೆಗಳನ್ನು ಹೇಳುತ್ತೇವೆ. 1971ರಲ್ಲಿ ಪೋರ್ಟ್‌ಲೆಂಡಿನ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್‌ಸನ್ ನೈಕಿ ಕಂಪನಿಗಾಗಿ ಒಂದು ಗುರುತು ಬರೆದರು. ಗಂಟೆಯ ಲೆಕ್ಕದಲ್ಲಿ ದೊರೆತದ್ದು 35 ಡಾಲರು. 1983ರಲ್ಲಿ ಕಂಪನಿ ಕೃತಜ್ಞತೆಯಿಂದ ಷೇರುಗಳನ್ನು ಕೊಟ್ಟಿತೆಂಬುದು ನಿಜ; ಆದರೆ ಅದು ಉಡುಗೊರೆ, ಕರಾರಿನ ಹಕ್ಕಲ್ಲ. ಇನ್ನು ಗ್ಲೇಸರರು ಹಣಕಾಸಿನ ಬಿಕ್ಕಟ್ಟಿನಿಂದ ಬಳಲಿದ್ದ ನ್ಯೂಯಾರ್ಕಿಗಾಗಿ, 1970ರ ದಶಕದಲ್ಲಿ, ಟ್ಯಾಕ್ಸಿಯಲ್ಲಿ ಕುಳಿತು ಲಕೋಟೆಯೊಂದರ ಮೇಲೆ ಕೆಂಪು ಬಣ್ಣದಲ್ಲಿ ಗೀಚಿದ್ದು 'ಐ ಲವ್ ನ್ಯೂಯಾರ್ಕ್' ಚಿಹ್ನೆ. ಪ್ರೀತಿ ಎಂಬ ಪದದ ಜಾಗದಲ್ಲಿ ಒಂದು ಹೃದಯ. ಅದಕ್ಕೆ ಅವರು ಸಂಭಾವನೆ ಪಡೆಯಲಿಲ್ಲ. ಆ ಲಕೋಟೆ ಇಂದು ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅರಿತು ದಾನ ಮಾಡುವುದು ಬೇರೆ, ಬೆಲೆ ಅರಿಯದೆ ಅಗ್ಗಕ್ಕೆ ಕೊಡುವುದು ಬೇರೆ. ಗ್ಲೇಸರರಿಗೆ ತಮ್ಮ ಸ್ಟುಡಿಯೊ ಇತ್ತು, ದಾನ ಮಾಡುವ ಶಕ್ತಿ ಇತ್ತು.

ಈ ಇತಿಹಾಸದ ಒಂದು ಎಳೆ ನಮ್ಮ ನಾಡಿನವರೆಗೂ ಚಾಚಿದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಟುಡಿಯೊ ನಡೆಸುತ್ತಿದ್ದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳನ್ನು ಭಾರತ ಸರ್ಕಾರ ಆಹ್ವಾನಿಸಿತು. 1958ರ ತಮ್ಮ ವರದಿಯಲ್ಲಿ ಅವರು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚಿ ಬರೆದದ್ದು ನಮ್ಮ ದಿನಬಳಕೆಯ ಚೊಂಬನ್ನು! ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಮುಂಬಯಿಯಲ್ಲಿ ಜಾಹೀರಾತು ಸಂಸ್ಥೆಗಳಲ್ಲಿ ದುಡಿದು, ಬಳಿಕ ಐ.ಐ.ಟಿ.ಯಲ್ಲಿ ಅಧ್ಯಾಪಕರಾದ ಆರ್. ಕೆ. ಜೋಶಿ ಅವರನ್ನು ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ವಿಂಡೋಸ್ ಗಣಕಗಳಲ್ಲಿ ಕನ್ನಡಕ್ಕಾಗಿ ಬಂದ 'ತುಂಗಾ' ಅಕ್ಷರಗಳ ವಿನ್ಯಾಸ ಅವರದು. ಊರಿನಿಂದ ಬಂದ ಪತ್ರವನ್ನು ಗಣಕದ ಪರದೆಯ ಮೇಲೆ ಕನ್ನಡದಲ್ಲಿಯೇ ಓದಿದ ನಮ್ಮಲ್ಲಿ ಅನೇಕರು, ತಿಳಿಯದೆಯೇ ಅವರ ಕೈಬರಹಕ್ಕೆ ಋಣಿಗಳು.

ಬಂಧುಗಳೆ, ಮೊದಲ ಪ್ರಶ್ನೆಗೆ ಮರಳೋಣ. ಚಿತ್ರದಿಂದ ಹೊಟ್ಟೆ ತುಂಬುತ್ತದೆಯೆ? ಚಿತ್ರವೊಂದರಿಂದಲೇ ತುಂಬುವುದಿಲ್ಲವೆಂದು ಈ ಇತಿಹಾಸ ಹೇಳುತ್ತದೆ. ರೇಖೆಯ ಜೊತೆಗೆ ಕರಾರು, ಬಣ್ಣದ ಜೊತೆಗೆ ಲೆಕ್ಕಪುಸ್ತಕ, ಗೆಳೆತನದ ಜೊತೆಗೆ ಲಿಖಿತ ನಿಯಮ ಬೇಕು. ಅಂಗಡಿ ನಡೆಸುವ ಈ ವಿದ್ಯೆ ವಲಸೆ ಬಂದವರ ಮನೆಗಳಲ್ಲಿ ಮೊದಲಿನಿಂದಲೂ ಇದೆ. ರ್‍ಯಾಂಡರ ತಂದೆ ಮಗನ ಕಲೆಯನ್ನು ಶಂಕಿಸಿದರು. ಆದರೆ ಮಗ ಮೊದಲ ಫಲಕ ಬರೆದದ್ದು ಅದೇ ತಂದೆಯ ಅಂಗಡಿಗೆ. ಆದುದರಿಂದ ನಾಳೆ ನಮ್ಮ ಮಗಳು ಬಂದು ಕೇಳಿದಾಗ ಬೇಡವೆನ್ನುವುದಕ್ಕೆ ಮುನ್ನ ಇನ್ನೊಂದು ಪ್ರಶ್ನೆಯನ್ನು ಕೇಳೋಣ: "ಅಂಗಡಿಯನ್ನು ಹೇಗೆ ನಡೆಸುತ್ತೀಯಮ್ಮ?" ಅದಕ್ಕೆ ಉತ್ತರ ಹುಡುಕುವಾಗ ನಾವೂ ಅವಳ ಜೊತೆಗೆ ಕುಳಿತುಕೊಳ್ಳೋಣ.